ಲೈಸೆನ್ಸ್ ಬೇಡದ ವಾಕಿಟಾಕಿ: ಡಬ್ಬದ ಮೇಲಿನ ಕಿಲೋಮೀಟರ್ ನಂಬಬೇಡಿ, ಆದರೂ ತಗೊಳ್ಳಿ

ಮೊದಲೇ ಹೇಳಿಬಿಡುತ್ತೇನೆ. ಡಬ್ಬದ ಮೇಲೆ "10 ಕಿಲೋಮೀಟರ್ ರೇಂಜ್" ಅಂತ ಬರೆದಿರುವುದನ್ನು ನೋಡಿ ವಾಕಿಟಾಕಿ ತಗೊಂಡರೆ ಅದು ವಾರದೊಳಗೆ ಅಟ್ಟ ಸೇರುತ್ತದೆ. ಬೆಂಗಳೂರಿನ ಬೀದಿಗಳಲ್ಲಿ ಅರ್ಧ ಕಿಲೋಮೀಟರ್ ಸರಿಯಾಗಿ ಕೇಳಿಸಿದರೆ ಪುಣ್ಯ. ಹಾಗಿದ್ದೂ ನಾನು ಇದಕ್ಕೆ ಐದರಲ್ಲಿ ನಾಲ್ಕು ಸ್ಟಾರ್ ಕೊಡುತ್ತೇನೆ. ಇದನ್ನು ದೂರಕ್ಕೆ ಅಂತ ತಗೊಳ್ಳಲೇಬಾರದು. ಒಬ್ಬರು ಬಟನ್ ಒತ್ತಿದರೆ ಹತ್ತು ಜನಕ್ಕೆ ಒಟ್ಟಿಗೆ ಕೇಳಿಸಬೇಕು, ಯಾರೂ ನಂಬರ್ ಹುಡುಕಬಾರದು, ರಿಂಗ್ ಆಗುವವರೆಗೆ ಕಾಯಬಾರದು, ಟವರ್ ಸಿಗದಿದ್ದರೂ ನಡೀಬೇಕು ಅಂತಿದ್ದರೆ ತಗೊಳ್ಳಿ. ಆ ಕೆಲಸದಲ್ಲಿ ಫೋನು ಇದರ ಹತ್ತಿರಕ್ಕೂ ಬರುವುದಿಲ್ಲ.

ಬ್ರ್ಯಾಂಡ್ ಹೆಸರನ್ನು ಬೇಕಂತಲೇ ಬರೆಯುತ್ತಿಲ್ಲ. ನಾನು ತಗೊಂಡಿದ್ದು ಪಿಎಂಆರ್ 446 ಅನ್ನುವ ವರ್ಗದ ಸೆಟ್ (446 ಮೆಗಾಹರ್ಟ್ಸ್‌ನಲ್ಲಿ ಓಡುವ, ಲೈಸೆನ್ಸ್ ಬೇಡದ ಜಾತಿ), ಅರ್ಧ ವ್ಯಾಟ್ ಪವರ್, ಜೋಡಿಗೆ ಆರು ಸಾವಿರದ ಒಳಗೆ ಬಂತು. ಆಮೇಲೆ ತಂಗಿ ಬೇರೆ ಕಂಪನಿಯದನ್ನು ತಂದಳು, ಅದನ್ನೂ ನೋಡಿದೆ. ಒಳಗೆ ಎರಡೂ ಒಂದೇ. ಇಷ್ಟೇ ಪವರ್, ಇಷ್ಟೇ ಚಾನೆಲ್, ಬಿಚ್ಚಲು ಬಾರದ ಆಂಟೆನಾ ಅಂತ ನಿಯಮವೇ ಕಟ್ಟಿಹಾಕಿರುವಾಗ ಕಂಪನಿಗಳಿಗೆ ಹೆಚ್ಚುಕಮ್ಮಿ ಮಾಡಲು ಉಳಿಯುವುದು ಸ್ಪೀಕರ್, ಬ್ಯಾಟರಿ, ಮೈಗಟ್ಟು ಮಾತ್ರ. ದುಡ್ಡು ಜಾಸ್ತಿ ಕೊಟ್ಟರೆ ಜೋರಾದ ಸ್ಪೀಕರ್ ಸಿಗುತ್ತದೆ, ಮಳೆಗೆ ಹೆದರಬೇಕಾಗಿಲ್ಲ. ದೂರ ಮಾತ್ರ ಸಿಗುವುದಿಲ್ಲ.

ಲೈಸೆನ್ಸ್ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು, ಜನ ಎಡವುವುದೇ ಇಲ್ಲಿ. ನಮ್ಮ ದೇಶದಲ್ಲಿ ವೈರ್‌ಲೆಸ್ ಸೆಟ್ ಸುಮ್ನೆ ಇಟ್ಟುಕೊಳ್ಳುವುದಕ್ಕೂ ಲೈಸೆನ್ಸ್ ಬೇಕು ಅನ್ನುವ ಕಾನೂನು 1933ರಿಂದಲೇ ಬಂದಿದೆ. ಕೆಲವು ಫ್ರೀಕ್ವೆನ್ಸಿಗಳಿಗೆ, ಕಡಿಮೆ ಪವರ್‌ಗೆ ಮಾತ್ರ ಸರ್ಕಾರ ವಿನಾಯಿತಿ ಕೊಡುತ್ತದೆ. 2018ರ ನಿಯಮದಲ್ಲಿ 446.0ರಿಂದ 446.2 ಮೆಗಾಹರ್ಟ್ಸ್‌ವರೆಗಿನ ಪಟ್ಟಿಯನ್ನು ಹೀಗೆ ಬಿಟ್ಟುಕೊಟ್ಟರು. ಅಷ್ಟೇ, ಬರೀ 0.2 ಮೆಗಾಹರ್ಟ್ಸ್. ಅದರಲ್ಲಿ 12.5 ಕಿಲೋಹರ್ಟ್ಸ್‌ಗೆ ಒಂದರಂತೆ 16 ಚಾನೆಲ್ ಕೂರುತ್ತವೆ. ಮೊದಲನೆಯದು 446.00625, ಕೊನೆಯದು 446.19375. ಯುರೋಪಿನಲ್ಲೂ ಇದೇ ಪಟ್ಟಿ.

ನಮಗೆ ಲೈಸೆನ್ಸ್ ಬೇಡ ಅಂದಮಾತ್ರಕ್ಕೆ ಸೆಟ್ಟಿಗೆ ಏನೂ ಬೇಡ ಅಂತಲ್ಲ. ಆ ಮಾಡೆಲ್‌ಗೆ ಇಟಿಎ ಆಗಿರಬೇಕು. ಅಂದರೆ ದೂರಸಂಪರ್ಕ ಇಲಾಖೆಯ ಡಬ್ಲ್ಯೂಪಿಸಿ ವಿಭಾಗ ಈ ಮಾಡೆಲ್ ಪರವಾಗಿಲ್ಲ ಅಂತ ಒಪ್ಪಿ ಕೊಡುವ ಸರ್ಟಿಫಿಕೇಟ್. ಅದನ್ನು ಮಾಡಿಸುವುದು ಮಾರುವವರ, ಆಮದು ಮಾಡುವವರ ತಲೆನೋವು. ಕೇಳಿ ನೋಡಿಕೊಳ್ಳುವುದು ಮಾತ್ರ ನಮ್ಮ ಕೆಲಸ.

ನಾನು ಎಸ್‌ಪಿ ರೋಡಿನಲ್ಲಿ ಕೇಳಿದೆ. ಒಂದು ಅಂಗಡಿಯಲ್ಲಿ 446 ಸೆಟ್ ಬೇಕು ಅಂದರೆ, ಆತ ಕೌಂಟರ್ ಕೆಳಗಿನಿಂದ ಉದ್ದ ಆಂಟೆನಾದ ಕಪ್ಪು ಸೆಟ್ಟೊಂದನ್ನು ತೆಗೆದಿಟ್ಟ. "ಮೇಡಂ, ಅದೆಲ್ಲ ಮಕ್ಕಳಾಟ. ಇದು ಐದು ವ್ಯಾಟು. ರೇಟೂ ಕಮ್ಮಿ."

"ಲೈಸೆನ್ಸ್ ಬೇಡ್ವಾ?"

"ಯಾರು ಕೇಳ್ತಾರೆ ಮೇಡಂ? ಎಲ್ಲಾ ಸೆಕ್ಯೂರಿಟಿಯವರೂ ಇದನ್ನೇ ಇಟ್ಕೊಂಡಿರೋದು."

ಇಂಥ ಸೆಟ್ಟು 400ರಿಂದ 520 ಮೆಗಾಹರ್ಟ್ಸ್‌ವರೆಗೆ ಎಲ್ಲಿ ಬೇಕಾದರೂ ಮಾತಾಡಬಲ್ಲದು. ತೊಂದರೆ ಇರುವುದೇ ಅಲ್ಲಿ. ಆ ಜಾಗದಲ್ಲಿ ಲೈಸೆನ್ಸ್ ಪಡೆದ ಬೇರೆ ಬೇರೆಯವರು ಇದ್ದಾರೆ, 434ರಿಂದ 438ರ ನಡುವೆ ಹ್ಯಾಮ್‌ಗಳಿದ್ದಾರೆ, ಅಂದರೆ ಪರೀಕ್ಷೆ ಬರೆದು ಲೈಸೆನ್ಸ್ ಪಡೆದ ಹವ್ಯಾಸಿ ರೇಡಿಯೋದವರು. ನೀವು ಗೊತ್ತಿಲ್ಲದೆ ಯಾರ ಮಾತಿನ ಮೇಲೋ ಮಾತಾಡುತ್ತೀರಿ. "ಅದರಲ್ಲಿ 446ರ ಚಾನೆಲ್ಲೇ ತುಂಬಿಸಿಕೊಡ್ತೀವಿ" ಅಂತಲೂ ಹೇಳುತ್ತಾರೆ. ಫ್ರೀಕ್ವೆನ್ಸಿ ಸರಿಯಾದರೂ ಪವರ್ ಸರಿಯಾಗಲ್ಲ, ಆ ಪೆಟ್ಟಿಗೆ ಲೈಸೆನ್ಸ್ ಬೇಡದ ವರ್ಗಕ್ಕೆ ಬರುವುದಿಲ್ಲ. ಐದು ವ್ಯಾಟ್ ಸೆಟ್ಟಿನ ಮೇಲೆ ನಿಜವಾಗಲೂ ಆಸೆ ಇದ್ದರೆ ಹ್ಯಾಮ್ ಪರೀಕ್ಷೆ ಬರೆಯಿರಿ, ಹ್ಯಾಮ್‌ಗಳಿಗೆ ಬಿಟ್ಟುಕೊಟ್ಟಿರುವ ಜಾಗದಲ್ಲಿ ಮಾತಾಡಿ. ಬೆಂಗಳೂರಿನಲ್ಲಿ ಹ್ಯಾಮ್ ಕ್ಲಬ್‌ಗಳಿವೆ, ಹೇಳಿಕೊಡುವವರೂ ಇದ್ದಾರೆ. ಅದು ಬೇರೆಯೇ ಹವ್ಯಾಸ, ಚೆನ್ನಾಗಿದೆ.

ಆನ್‌ಲೈನಲ್ಲೂ ಇದೇ ಕಥೆ ಇತ್ತು. ಫ್ರೀಕ್ವೆನ್ಸಿ ಬರೆಯದೆ, ಲೈಸೆನ್ಸ್ ಬೇಕೋ ಬೇಡವೋ ಹೇಳದೆ ಮಾರುತ್ತಿದ್ದರು. 2025ರ ಮೇ ತಿಂಗಳಲ್ಲಿ ಗ್ರಾಹಕ ರಕ್ಷಣಾ ಪ್ರಾಧಿಕಾರ 13 ಇ-ಕಾಮರ್ಸ್ ತಾಣಗಳಿಗೆ ನೋಟಿಸ್ ಕೊಟ್ಟಿತು. ಅದೇ ತಿಂಗಳ ಕೊನೆಗೆ ವಾಕಿಟಾಕಿ ಮಾರಾಟಕ್ಕೆ ಅಂತಲೇ ಮಾರ್ಗಸೂಚಿ ಬಂತು: ಫ್ರೀಕ್ವೆನ್ಸಿ ತೋರಿಸಬೇಕು, ಇಟಿಎ ವಿವರ ಕೊಡಬೇಕು ಅಂತ. ಹಾಗಾಗಿ ಈಗ ಲಿಸ್ಟಿಂಗ್‌ನಲ್ಲಿ 446.0–446.2 ಅಂತ ಕಾಣದಿದ್ದರೆ ಮುಂದೆ ಓದಲೇ ಹೋಗಬೇಡಿ.

ಇನ್ನು ನಮ್ಮೂರಿಗೇ ವಿಶೇಷವಾದ ಒಂದು ತಾಪತ್ರಯ ಇದೆ: ಅಮೆರಿಕದಿಂದ ಬಂದ ಸೆಟ್. ಪ್ರತಿ ಎರಡನೇ ಮನೆಯಲ್ಲಿ ಯಾರಾದರೂ ಒಬ್ಬರು ಅಲ್ಲಿ ಇದ್ದಾರಲ್ಲ. ಬರುವಾಗ ಮಕ್ಕಳಿಗೆ ಅಂತ ಚಂದದ ಹಳದಿ ಜೋಡಿ ತರುತ್ತಾರೆ. ಅಲ್ಲಿ ಎಫ್‌ಆರ್‌ಎಸ್ ಅನ್ನುವ ಸೇವೆ 1996ರಿಂದ ಇದೆ, 22 ಚಾನೆಲ್, ಯಾರಿಗೂ ಲೈಸೆನ್ಸ್ ಬೇಡ. ಆದರೆ ಅದು ಓಡುವುದು 462 ಮತ್ತು 467 ಮೆಗಾಹರ್ಟ್ಸ್‌ನಲ್ಲಿ. ಇಲ್ಲಿ ಆ ಜಾಗ ಸಾರ್ವಜನಿಕರದ್ದಲ್ಲ. ಅಲ್ಲಿ ಫ್ರೀ ಇದ್ದದ್ದು ಇಲ್ಲೂ ಫ್ರೀ ಅಂತ ಆಗುವುದಿಲ್ಲ, ಮೇಲಾಗಿ ನಿಮ್ಮ 446 ಸೆಟ್ಟಿನ ಜೊತೆ ಅದು ಮಾತೇ ಆಡುವುದಿಲ್ಲ. ಆಸ್ಟ್ರೇಲಿಯಾದ್ದು 477, ಅದೂ ಅಷ್ಟೇ. ಷೋಕೇಸಿನಲ್ಲಿ ಇಡಿ.

ಈಗ ರೇಂಜ್. ನಮ್ಮ ಮನೆ ಹನುಮಂತನಗರದಲ್ಲಿ. ಒಂದು ಸೆಟ್ ಅತ್ತೆಯ ಕೈಯಲ್ಲಿ ಕೊಟ್ಟು ನಾನು ಬೀದಿಗಿಳಿದೆ. ನಮ್ಮ ಅಡ್ಡರಸ್ತೆ ನೇರವಾಗಿ ಇರುವಷ್ಟು ದೂರ ಸ್ಫಟಿಕದ ಹಾಗೆ ಕೇಳಿಸಿತು. ಮೂಲೆ ತಿರುಗಿ, ನಾಲ್ಕು ಮಹಡಿ ಮನೆಗಳ ಎರಡು ಸಾಲು ದಾಟಿದ ಮೇಲೆ ಪರಪರ ಶುರುವಾಯಿತು. ಇನ್ನೊಂದು ಸಾಲಿಗೆ ಅತ್ತೆ ಪೂರ್ತಿ ಮಾಯ. ಅದೇ ಸೆಟ್ಟನ್ನು ರಾಮಾಂಜನೇಯ ಗುಡ್ಡದ ಮೇಲೆ ತಗೊಂಡು ಹೋದರೆ ಬೇರೆ ಕಥೆ. ಬ್ಯೂಗಲ್ ರಾಕ್ ಹತ್ತಿರ ನಿಂತಿದ್ದ ನಮ್ಮ ಮನೆಯವರು ಪಕ್ಕದಲ್ಲೇ ಇದ್ದಾರೇನೋ ಅನ್ನುವಷ್ಟು ಸ್ಪಷ್ಟ. ಲಾಲ್‌ಬಾಗಿನಲ್ಲೂ ಹಾಗೆ: ಕೆಂಪೇಗೌಡ ಗೋಪುರದ ಬಂಡೆ ಮೇಲೆ ಒಬ್ಬರು, ಕೆರೆ ಏರಿಯ ಮೇಲೆ ಒಬ್ಬರು, ಒಂದು ಅಕ್ಷರ ತಪ್ಪಲಿಲ್ಲ. ನಂದಿ ಬೆಟ್ಟದ ಮೇಲಿಂದ ಕೆಳಗಿನ ರಸ್ತೆಗೆ ಕಣ್ಣಿಗೆ ಕಾಣುವಷ್ಟು ದೂರ ಮಾತಾಡಬಹುದು. ಡಬ್ಬದ ಮೇಲಿನ ಕಿಲೋಮೀಟರ್ ಹುಟ್ಟುವುದು ಇಂಥ ಜಾಗದಲ್ಲೇ. ಬೆಟ್ಟದ ತುದಿ, ನಡುವೆ ಏನೂ ಅಡ್ಡ ಇಲ್ಲ, ಬ್ಯಾಟರಿ ಫುಲ್. ಅದನ್ನು ತಂದು ಚಿಕ್ಕಪೇಟೆಯಲ್ಲಿ ಕೇಳಿದರೆ ಎಲ್ಲಿ ಸಿಗಬೇಕು?

ಕಾರಣ ಸರಳ. ಈ ಫ್ರೀಕ್ವೆನ್ಸಿಯ ಅಲೆ ಹೆಚ್ಚುಕಮ್ಮಿ ಕಣ್ಣಿನ ನೋಟದಂತೆ ನೇರ ಹೋಗುತ್ತದೆ. ಅಲೆಯ ಉದ್ದ ಸುಮಾರು 67 ಸೆಂಟಿಮೀಟರ್. ಮರದ ಬಾಗಿಲು, ಇಟ್ಟಿಗೆ ಗೋಡೆ ಒಂದೆರಡು ದಾಟುತ್ತದೆ, ಕಬ್ಬಿಣ ಹಾಕಿದ ಕಾಂಕ್ರೀಟ್ ಸಾಲುಸಾಲಾಗಿ ಬಂದರೆ ಸುಸ್ತಾಗುತ್ತದೆ. ಆಂಟೆನಾ ಬೇರೆ ಬೆರಳುದ್ದ. ಪವರ್ ಹತ್ತು ಪಟ್ಟು ಮಾಡಿದರೂ ದೂರ ಹತ್ತು ಪಟ್ಟು ಆಗುವುದಿಲ್ಲ, ಅದರ ಹತ್ತಿರಕ್ಕೂ ಬರಲ್ಲ. ಅದಕ್ಕಿಂತ ಮಹಡಿ ಹತ್ತಿ ನಿಂತರೆ ಲಾಭ ಜಾಸ್ತಿ. ಸೆಟ್ಟನ್ನು ಪ್ಯಾಂಟಿನ ಜೇಬಿನಲ್ಲಿ ಇಟ್ಟುಕೊಂಡು "ಕೇಳಿಸ್ತಿಲ್ಲ" ಅನ್ನುವವರಿಗೆ ಒಂದು ಮಾತು: ನಿಮ್ಮ ಮೈಯೂ ಅಡ್ಡವೇ. ಮುಖದ ಮುಂದೆ ನೆಟ್ಟಗೆ ಹಿಡಿದು ಮಾತಾಡಿ.

ಇದರ ನಿಜವಾದ ಬೆಲೆ ನನಗೆ ಗೊತ್ತಾಗಿದ್ದು ಕಡಲೆಕಾಯಿ ಪರಿಷೆಯಲ್ಲಿ. ಕಾರ್ತಿಕ ಮಾಸದ ಕೊನೆ ಸೋಮವಾರ ಬುಲ್ ಟೆಂಪಲ್ ರೋಡು ಹೇಗಿರುತ್ತದೆ ಅಂತ ಬೆಂಗಳೂರಿನವರಿಗೆ ಹೇಳಬೇಕಾಗಿಲ್ಲ. ಸಾಯಂಕಾಲದ ಹೊತ್ತಿಗೆ ಫೋನಿನಲ್ಲಿ ಎಲ್ಲಾ ಗೆರೆಗಳೂ ಇರುತ್ತವೆ, ಕಾಲ್ ಮಾತ್ರ ಹೋಗುವುದಿಲ್ಲ. ಅಷ್ಟು ಜನ ಒಟ್ಟಿಗೆ ಒಂದೇ ಟವರಿಗೆ ಜೋತುಬಿದ್ದರೆ ಅದಾದರೂ ಏನು ಮಾಡೀತು? ವಾಕಿಟಾಕಿಗೆ ಟವರ್ ಬೇಡವಲ್ಲ, ಒಂದು ಸೆಟ್ ನೇರ ಇನ್ನೊಂದಕ್ಕೆ ಮಾತಾಡುತ್ತದೆ. ನಾವು ನಾಲ್ಕು ಸೆಟ್ ತಗೊಂಡು ಹೋಗಿದ್ದೆವು. ಅತ್ತೆ ಮತ್ತು ಅವರ ಗೆಳತಿಯರು ಒಂದು ಕಡೆ, ಮಕ್ಕಳನ್ನು ಹಿಡಿದುಕೊಂಡು ನಮ್ಮ ಮನೆಯವರು ಒಂದು ಕಡೆ, ತಂಗಿ ಬಳೆ ಅಂಗಡಿಯಲ್ಲಿ, ನಾನು ಕಡಲೆಕಾಯಿ ರಾಶಿಯ ಮುಂದೆ ಸೇರಿನ ರೇಟು ಕೇಳುತ್ತಾ.

ಅತ್ತೆಗೆ ಮನೆಯಲ್ಲೇ ಹೇಳಿಕೊಟ್ಟಿದ್ದೆ: "ಅತ್ತೆ, ಬಟನ್ ಒತ್ತಿ, ಒಂದು ಕ್ಷಣ ಸುಮ್ಮನಿದ್ದು, ಆಮೇಲೆ ಮಾತಾಡಿ. ಮುಗಿದ ಮೇಲೆ ಕೈ ಬಿಡಿ. ಕೈ ಬಿಡದಿದ್ದರೆ ನಮ್ಮ ಮಾತು ನಿಮಗೆ ಕೇಳಿಸಲ್ಲ." ಆ ಒಂದು ಕ್ಷಣ ಮುಖ್ಯ. ಒತ್ತಿದ ಕೂಡಲೇ ಮಾತು ಶುರು ಮಾಡಿದರೆ ಮೊದಲ ಅಕ್ಷರಗಳು ಕತ್ತರಿಸಿಹೋಗುತ್ತವೆ. ಪರಿಷೆಯ ಗಲಾಟೆಯಲ್ಲಿ ಅತ್ತೆ ಅದನ್ನು ಮರೆತರು. ದೊಡ್ಡ ಗಣಪತಿ ದೇವಸ್ಥಾನದ ಹತ್ತಿರ ನಿಂತು ಬಟನ್ ಒತ್ತುತ್ತಲೇ "ಗಣಪತಿ ಹತ್ತಿರ ಇದ್ದೀನಿ ಕಣಮ್ಮಾ" ಅಂದರು. ನಮಗೆಲ್ಲ ಬಂದಿದ್ದು "ಪತಿ ಹತ್ತಿರ ಇದ್ದೀನಿ ಕಣಮ್ಮಾ". ಮಾವ ಮನೆಯಲ್ಲಿ ಟಿವಿ ನೋಡುತ್ತಿದ್ದರು. ನಮ್ಮ ಮನೆಯವರು ತಕ್ಷಣ ಒತ್ತಿ, "ಅಮ್ಮಾ, ಯಾವ ಪತಿ?" ಅಂದುಬಿಟ್ಟರು. ಅದು ನಾಲ್ಕೂ ಸೆಟ್ಟಿಗೆ ಹೋಯಿತು, ಅತ್ತೆಯ ಗೆಳತಿಯರೂ ಕೇಳಿಸಿಕೊಂಡರು. ಇವತ್ತಿಗೂ ಆ ಗುಂಪಿನಲ್ಲಿ ಅದೇ ಮಾತು.

ಸ್ಪೀಕರ್ ಬಗ್ಗೆ ಹೇಳಬೇಕೆಂದರೆ, ಪೀಪಿ ಊದುವ ಹುಡುಗರ ಮಧ್ಯೆ ಫುಲ್ ವಾಲ್ಯೂಮ್ ಇಟ್ಟರೂ ನನ್ನ ಸೆಟ್ ಸಾಲಲಿಲ್ಲ, ಕಿವಿಗೆ ಹಚ್ಚಿಕೊಂಡೇ ಕೇಳಬೇಕಾಯಿತು. ತಂಗಿಯದು ಇನ್ನೂ ಜೋರು. ಇಯರ್‌ಫೋನ್ ತೂತು ಇರುವ ಸೆಟ್ಟನ್ನೇ ತಗೊಳ್ಳಿ. ಕೈ ಬಿಟ್ಟು ಮಾತಾಡುವ ವಾಕ್ಸ್ ಅಂತ ಒಂದು ಸೌಲಭ್ಯ ಕೊಟ್ಟಿದ್ದಾರೆ, ದನಿ ಬಂದರೆ ತಾನೇ ಆನ್ ಆಗುತ್ತದಂತೆ. ಜಾತ್ರೆಯಲ್ಲಿ ಅದನ್ನು ಹಾಕಿದರೆ ಪೀಪಿ ಸದ್ದಿಗೇ ಆನ್ ಆಗಿ ಎಲ್ಲರ ತಲೆ ತಿನ್ನುತ್ತದೆ. ಮೊದಲ ದಿನವೇ ಆಫ್ ಮಾಡಿ.

ತಂಗಿ ಇರುವುದು ಕನಕಪುರ ರಸ್ತೆಯ ಒಂದು ಅಪಾರ್ಟ್‌ಮೆಂಟಿನಲ್ಲಿ. ಅಲ್ಲಿ ರಾಜ್ಯೋತ್ಸವಕ್ಕೆ ಈ ಸೆಟ್ಟುಗಳನ್ನು ಇನ್ನೂ ಕೆಲವು ಸೇರಿಸಿ ಸ್ವಯಂಸೇವಕರಿಗೆ ಹಂಚಿದರು. ಹಿಂದಿನ ವರ್ಷ ಇದೇ ಕೆಲಸಕ್ಕೆ ವಾಟ್ಸಾಪ್ ಗ್ರೂಪ್ ಇತ್ತು. "ಕಲಾವಿದರು ಬಂದ್ರಾ?" ಅಂತ ಹಾಕಿದರೆ ಹದಿನೈದು ನಿಮಿಷ ಬಿಟ್ಟು ಮೂರು ಹೆಬ್ಬೆರಳು ಬರುತ್ತಿತ್ತು. ಈ ಸಲ ಗೇಟಿನಲ್ಲಿ ನಿಂತವರು "ಡೊಳ್ಳು ತಂಡದ ಟೆಂಪೋ ಬಂತು, ಪಾರ್ಕಿಂಗ್ ಬಿಡಿ" ಅಂದ ಕೂಡಲೇ ಪಾರ್ಕಿಂಗಿನವರಿಗೂ, ವೇದಿಕೆಯವರಿಗೂ, ಊಟದ ಕಡೆಯವರಿಗೂ ಒಂದೇ ಸಲ ಗೊತ್ತಾಯಿತು. ಊಟದವರು ಹೇಳದೇ ಇಪ್ಪತ್ತು ಎಲೆ ಜಾಸ್ತಿ ಹಾಕಿದರು. ನಾಲ್ಕು ಸ್ಟಾರ್ ಅಂದೆನಲ್ಲ, ಮೂರು ಸ್ಟಾರ್ ಇದಕ್ಕೇ.

ಕೆಲಸ ಮಾಡದ ಜಾಗವೂ ಅಲ್ಲೇ ಸಿಕ್ಕಿತು. ಮೊದಲ ಬೇಸ್‌ಮೆಂಟಿನಲ್ಲಿ ಹಾಗೂ ಹೀಗೂ ಕೇಳಿಸಿತು. ಎರಡನೆಯದಕ್ಕೆ ಇಳಿದರೆ ಸತ್ತೇಹೋಯಿತು. ಲಿಫ್ಟಿನ ಬಾಗಿಲು ಮುಚ್ಚಿದರೂ ಅಷ್ಟೇ, ಕಬ್ಬಿಣದ ಪೆಟ್ಟಿಗೆ ತಾನೇ. ಒಂದು ಟವರಿನ ಹದಿನಾಲ್ಕನೇ ಮಹಡಿಯಿಂದ ಅದೇ ಟವರಿನ ಗ್ರೌಂಡ್ ಫ್ಲೋರಿಗೆ ಮಾತಾಡುವುದು, ಎದುರಿನ ಟವರಿಗೆ ಬಾಲ್ಕನಿಯಿಂದ ಮಾತಾಡುವುದಕ್ಕಿಂತ ಕಷ್ಟ. ನಡುವೆ ಹದಿನಾಲ್ಕು ಸ್ಲ್ಯಾಬ್ ಇದೆ, ನೋಡಿ. ಕೊನೆಗೆ ಬೇಸ್‌ಮೆಂಟಿನ ಇಳಿಜಾರಿನಲ್ಲಿ ಒಬ್ಬ ಹುಡುಗನನ್ನು ನಿಲ್ಲಿಸಿ, ಅವನಿಂದ ಮಾತು ದಾಟಿಸಿಕೊಂಡರು.

ಆಮೇಲೆ ಶುರುವಾಯಿತು ಪಕ್ಕದ ಛತ್ರದ ಕಾಟ. ಅಲ್ಲೊಂದು ಮದುವೆ, ಅವರ ವ್ಯಾಲೆ ಪಾರ್ಕಿಂಗ್ ಹುಡುಗರ ಕೈಯಲ್ಲೂ ಇಂಥವೇ ಸೆಟ್ಟು, ಅದೇ ಚಾನೆಲ್. ನಾಡಗೀತೆಗೆ ಎಲ್ಲರೂ ಎದ್ದು ನಿಂತಿದ್ದಾಗ ವೇದಿಕೆ ಪಕ್ಕದ ಸೆಟ್ಟಿನಿಂದ "ಬಿಳಿ ಇನ್ನೋವಾ ತೆಗಿಯೋ, ಗಂಡಿನ ಕಡೆಯವರು ಕಾಯ್ತಾವ್ರೆ" ಅಂತ ಬಂತು. ಹದಿನಾರೇ ಚಾನೆಲ್, ಎಲ್ಲರಿಗೂ ಸೇರಿದ್ದು, ನನ್ನದು ನಿನ್ನದು ಅಂತ ಯಾರೂ ಹೇಳುವಂತಿಲ್ಲ. ಅವರಿಗೂ ನಮ್ಮಷ್ಟೇ ಹಕ್ಕು.

ಇದಕ್ಕೆ ಮದ್ದು ಟೋನ್. ಕೆಲವು ಡಬ್ಬಗಳ ಮೇಲೆ ಇದನ್ನೇ "ಪ್ರೈವಸಿ ಕೋಡ್" ಅಂತ ಬರೆದಿರುತ್ತಾರೆ, ಅದು ಶುದ್ಧ ಸುಳ್ಳು. ನಡೆಯುವುದು ಇಷ್ಟೇ: ನಿಮ್ಮ ಮಾತಿನ ಕೆಳಗೆ ಕಿವಿಗೆ ಬೀಳದ ಒಂದು ಸಣ್ಣ ನಾದ ಸೇರಿಸಿ ಕಳಿಸುತ್ತದೆ, 88.5 ಹರ್ಟ್ಸ್ ಅಂದುಕೊಳ್ಳಿ. ಅದೇ ನಾದ ಇರುವ ಮಾತು ಬಂದರೆ ಮಾತ್ರ ನಿಮ್ಮ ಸೆಟ್ಟಿನ ಸ್ಪೀಕರ್ ಬಾಯಿ ಬಿಡುತ್ತದೆ. ಅಂದರೆ ಮುಚ್ಚುವುದು ನಿಮ್ಮ ಕಿವಿ. ನಿಮ್ಮ ಮಾತು ಬೇರೆಯವರಿಗೆ ಕೇಳಿಸುವುದನ್ನು ಅದು ತಡೆಯುವುದಿಲ್ಲ. ಟೋನ್ ಹಾಕದೆ ಅದೇ ಚಾನೆಲ್ಲಿನಲ್ಲಿ ಕೂತವರು ಯಾರಾದರೂ ಎಲ್ಲವನ್ನೂ ಕೇಳಬಹುದು. ಆದ್ದರಿಂದ "ಮನೆ ಬೀಗದ ಕೈ ಹೂಕುಂಡದ ಕೆಳಗಿದೆ" ಅಂಥವನ್ನೆಲ್ಲ ಇದರಲ್ಲಿ ಹೇಳಬೇಡಿ. ಇನ್ನೊಂದು, ಇಬ್ಬರೂ ಒಟ್ಟಿಗೆ ಒತ್ತಿದರೆ ಟೋನ್ ಬೇರೆ ಇದ್ದರೂ ಡಿಕ್ಕಿ ಡಿಕ್ಕಿಯೇ. ಮಾನಿಟರ್ ಬಟನ್ ಒತ್ತಿ ಚಾನೆಲ್ ಖಾಲಿ ಇದೆಯಾ ಅಂತ ಕೇಳಿ, ಆಮೇಲೆ ಮಾತಾಡುವುದು ಮರ್ಯಾದೆ.

ಬೇರೆ ಬೇರೆ ಕಂಪನಿಯ ಸೆಟ್ಟುಗಳನ್ನು ಸೇರಿಸುವವರಿಗೆ ಇಲ್ಲೊಂದು ಕಿರಿಕಿರಿ. ಚಾನೆಲ್ ನಂಬರ್ ಸಾಮಾನ್ಯವಾಗಿ ಹೊಂದುತ್ತದೆ, ಟೋನ್ ನಂಬರ್ ಹೊಂದಲೇಬೇಕು ಅಂತಿಲ್ಲ. ನನ್ನದರಲ್ಲಿ 8ನೇ ಟೋನ್ ಅಂದರೆ 88.5, ತಂಗಿಯದರಲ್ಲಿ ಅದೇ ನಾದಕ್ಕೆ ಬೇರೆ ನಂಬರ್. ಕೈಪಿಡಿಯ ಹಿಂದಿನ ಪುಟದಲ್ಲಿ ಹರ್ಟ್ಸ್ ಪಟ್ಟಿ ಇರುತ್ತದೆ, ಅದನ್ನು ನೋಡಿ ಹೊಂದಿಸಿ. ಆ ಕೈಪಿಡಿಯ ಅಕ್ಷರವೋ, ಇರುವೆ ನಡೆದ ಹಾಗೆ. ಕಳೆದುಕೊಳ್ಳುವ ಮೊದಲು ಫೋಟೋ ತೆಗೆದಿಡಿ.

ಬ್ಯಾಟರಿ ಒಂದು ಹಗಲು ಆರಾಮಾಗಿ ಬರುತ್ತದೆ. ಕೇಳುವುದಕ್ಕೆ ಖರ್ಚು ಕಡಿಮೆ, ಮಾತಾಡುವುದಕ್ಕೇ ಜಾಸ್ತಿ. ಹಾಗಾಗಿ ಬಾಯಿ ಜಾಸ್ತಿ ಇರುವವರ ಸೆಟ್ಟೇ ಮೊದಲು ಮಲಗುತ್ತದೆ, ನಮ್ಮಲ್ಲಿ ಯಾರದ್ದು ಅಂತ ಹೇಳುವುದಿಲ್ಲ. ಮಾತು ಮುಗಿದಾಗ ಬರುವ "ಪೀಂ" ಸದ್ದು ಕೆಲವರಿಗೆ ಇಷ್ಟ, ನನಗೆ ತಲೆನೋವು, ಆಫ್ ಮಾಡಬಹುದು. ಕೀಪ್ಯಾಡ್ ಲಾಕ್ ಮಾಡಿ ಕೊಡದಿದ್ದರೆ ಮಕ್ಕಳ ಕೈಯಲ್ಲಿ ಚಾನೆಲ್ ಎಲ್ಲಿಗೋ ಹೋಗಿರುತ್ತದೆ.

ಅಂಗಡಿಗಳಲ್ಲಿ ಇನ್ನೊಂದು ಜಾತಿ ತೋರಿಸುತ್ತಾರೆ, "ಇಡೀ ಇಂಡಿಯಾ ರೇಂಜ್" ಅಂತ. ಅದರೊಳಗೆ ಸಿಮ್ ಇರುತ್ತದೆ. ನೋಡುವುದಕ್ಕೆ ವಾಕಿಟಾಕಿ, ಒಳಗೆ ಮೊಬೈಲು. ಊರಿನಾಚೆ ಗಾಡಿಗಳನ್ನು ಓಡಿಸುವ ಟ್ರಾವೆಲ್ಸ್‌ನವರಿಗೆ, ಎರಡು ಮೂರು ಕಡೆ ಗೋಡೌನ್ ಇರುವವರಿಗೆ ಅದು ಸರಿ. ಕುದುರೆಮುಖದ ಕಡೆ ಟವರ್ ಇಲ್ಲದ ಕಾಡುದಾರಿಯಲ್ಲಿ ಅದು ಬರೀ ಭಾರ, ಪರಿಷೆಯಲ್ಲೂ ನಿಮ್ಮ ಫೋನಿನ ಗತಿಯೇ ಅದಕ್ಕೂ. ತಿಂಗಳು ತಿಂಗಳು ದುಡ್ಡೂ ಕಟ್ಟಬೇಕು. ಬೈಕ್ ರೈಡಿಗೆ ಹೋಗುವವರು ಹೆಲ್ಮೆಟ್ಟಿನ ಬ್ಲೂಟೂತ್ ಇಂಟರ್‌ಕಾಂ ತಗೊಳ್ಳುವುದೇ ಮೇಲು, ಓಡಿಸುತ್ತಾ ಬಟನ್ ಒತ್ತುವುದು ಬೇಡ.

ಹಾಗಾದರೆ ಯಾರು ತಗೊಳ್ಳಬೇಕು? ಅಪಾರ್ಟ್‌ಮೆಂಟ್ ಕಮಿಟಿ, ಗಣೇಶೋತ್ಸವದ ಮಂಡಳಿ, ಮದುವೆ ಮನೆ, ಎರಡು ಮೂರು ಕಾರಿನಲ್ಲಿ ಹಿಂದೆಮುಂದೆ ಘಟ್ಟ ಇಳಿಯುವವರು, ಮಹಡಿ ಮೇಲೆ ವಯಸ್ಸಾದವರನ್ನು ಇಟ್ಟುಕೊಂಡವರು. ನಮ್ಮ ಮಾವನಿಗೆ ಸ್ಮಾರ್ಟ್‌ಫೋನ್ ಆಗಿಬರುವುದಿಲ್ಲ, ಈ ಒಂದು ಬಟನ್ ಆಗಿಬಂತು. ಸಂಜೆ ಟೆರೇಸಿನಿಂದ "ಕಾಫಿ" ಅನ್ನುತ್ತಾರೆ, ಅಷ್ಟೇ. ಮನೆಯಿಂದ ಆಫೀಸಿಗೆ, ಜಯನಗರದಿಂದ ಮಲ್ಲೇಶ್ವರಕ್ಕೆ ಮಾತಾಡಬೇಕು ಅನ್ನುವವರು ತಗೊಳ್ಳಬೇಡಿ. ಬರೀ ಇಬ್ಬರಿಗೆ ಅಂತಾದರೂ ಬೇಡ, ಫೋನ್ ಸಾಕು. ನಾಲ್ಕರಿಂದ ಮೇಲಕ್ಕೆ ಹೋದಷ್ಟೂ ಇದರ ಸುಖ ಜಾಸ್ತಿ.

ಒಂದು ಸ್ಟಾರ್ ಕಿತ್ತುಕೊಂಡಿದ್ದು ಆ ಕಿಲೋಮೀಟರ್ ಸುಳ್ಳಿಗೆ, ಪ್ರೈವಸಿ ಸುಳ್ಳಿಗೆ. ತಗೊಂಡ ದಿನವೇ ಬಿಲ್ಲಿನದ್ದೂ, ಇಟಿಎ ನಂಬರಿನದ್ದೂ ಫೋಟೋ ತೆಗೆದು ಫೋನಿನಲ್ಲಿ ಇಟ್ಟುಕೊಳ್ಳಿ. ಮೆರವಣಿಗೆ ಬಂದೋಬಸ್ತಿನಲ್ಲಿ ಪೊಲೀಸರು "ಏನ್ರೀ ಇದು, ಯಾರ್ ಕೊಟ್ರು ಪರ್ಮಿಷನ್ನು?" ಅಂದಾಗ ವಾದ ಮಾಡುವ ಬದಲು ಅದನ್ನು ತೋರಿಸಬಹುದು.